ಕಸೆ ಅಂಗಿಯ ಅಳತೆ

ಹೋದ ವಾರ ಟ್ರಂಕಿನ ತಳದಲ್ಲಿ ಹಳೆಯ ಸರ್ಟಿಫಿಕೇಟೊಂದನ್ನು ಹುಡುಕುತ್ತಿದ್ದೆ. ಪಿಂಚಣಿ ಕಚೇರಿಯವರಿಗೆ ನಾನು ನಾನೇ ಎಂದು ಇನ್ನೂ ನಂಬಿಕೆ ಬಂದಿಲ್ಲ. ಸರ್ಟಿಫಿಕೇಟು ಸಿಗಲಿಲ್ಲ. ಕೈಗೆ ಬಂದದ್ದು ಬಟ್ಟೆಪಟ್ಟಿಗಳ ಒಂದು ಕಟ್ಟು. ಬೆರಳಗಲದ ಪಟ್ಟಿಗಳು, ಅಂಚಿನುದ್ದಕ್ಕೂ ಕತ್ತರಿಯ ಕಚ್ಚುಗಳು, ನಡುವೆ ಲಾಡಿಯಿಂದ ಬಿಗಿದ ಗಂಟು. ಮೂಗಿಗೆ ಹಿಡಿದು ನೋಡಿದೆ. ಇಷ್ಟು ವರ್ಷವಾದರೂ ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ ಹೋಗಿರಲಿಲ್ಲ... ಅಥವಾ ಹೋಗಿತ್ತೋ ಏನೋ, ನನ್ನ ಮೂಗೇ ಅದನ್ನು ಹುಡುಕಿ ತೆಗೆಯಿತೋ. ಟ್ರಂಕಿನ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟೆ.

ಮುದ್ದೇಬಿಹಾಳದಲ್ಲಿ ನಮ್ಮ ಓಣಿಯ ತುದಿಗೆ ಈ ಪಟ್ಟಿಗಳನ್ನು ಕತ್ತರಿಸಿದವರ ಅಂಗಡಿ ಇತ್ತು. ಊರೆಲ್ಲ ಅವರನ್ನು ಟೇಲರ್ ಕಾಕಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದು ದೊಡ್ಡವಳಾದೆ. ಅಂಗಡಿ ಎಂದರೆ ಮೂರು ಮೆಟ್ಟಿಲು, ಒಂದು ಮಷಿನ್ನು, ಗೋಡೆಗೆ ವಿಠ್ಠಲನ ಪಟ, ಪಟದ ಕೆಳಗೆ ಸಾಲುಮೊಳೆ. ಕಾಕಾಗೆ ಸಹಿಯೊಂದು ಬಿಟ್ಟರೆ ಓದು ಬರಹ ಬರುತ್ತಿರಲಿಲ್ಲ, ಟೇಪಿನ ಅಂಕಿಗಳ ಮೇಲೆ ವಿಶ್ವಾಸವೂ ಇರಲಿಲ್ಲ. ಅವರ ಲೆಕ್ಕದಲ್ಲಿ ಪ್ರತಿ ಮೈಗೆ ಒಂದು ಬಟ್ಟೆಪಟ್ಟಿ. ಎದೆಗೆ ಒಂದು ಕಚ್ಚು, ತೋಳಿಗೆ ಎರಡು, ಬಗಲಿಗೆ ಮೂರು. ಮೊಳೆಗಳ ಮೇಲೆ ಊರಿಗೆ ಊರೇ ತೂಗಾಡುತ್ತಿತ್ತು. ಯಾರ ಪಟ್ಟಿ ಯಾವುದು ಎಂದು ಕಣ್ಣು ಮುಚ್ಚಿ, ಬೆರಳಾಡಿಸಿ ಹೇಳುತ್ತಿದ್ದರು. ಸಾಲಿ ಕಲಿಯುವಾಗ ನನ್ನ ಪಟ್ಟಿ ಪ್ರತಿ ವರ್ಷ ಬದಲಾಗುತ್ತಿತ್ತು, ‘ಈ ಹುಡುಗಿ ಸೊಪ್ಪಿನ್ಹಂಗ ಬೆಳೀತೈತಿ, ಬಟ್ಟಿ ಸಾಲೂದಿಲ್ಲ’ ಎಂದು ಅವ್ವನ ಹತ್ತಿರ ತಕರಾರು ಮಾಡುತ್ತಿದ್ದರು.

ಗಂಡಸರು ಅಂಗಡಿಗೆ ಬಂದು ಕೈ ಚಾಚಿ ನಿಲ್ಲುತ್ತಿದ್ದರು. ಹೆಂಗಸರು ಹಾಗೆ ಬಂದು ನಿಲ್ಲುತ್ತಿರಲಿಲ್ಲ. ಅವರ ಮನೆಯಿಂದ ಬರುತ್ತಿದ್ದದ್ದು ‘ಅಳತಿ ಕುಪ್ಪಸ’, ಮೈಗೆ ಸರಿಯಾಗಿ ಕೂತ ಹಳೆಯದೊಂದು ಕುಪ್ಪಸ. ಅದನ್ನು ಹಾಸಿ, ಅದರ ಮೇಲೆ ಪಟ್ಟಿ ಇಟ್ಟು ಕಚ್ಚು ಹಾಕಿ, ಹೊಸದನ್ನು ಹೊಲಿದು, ಎರಡನ್ನೂ ಮಡಿಚಿ ವಾಪಸು ಕಳಿಸುವುದು. ಪರರ ಹೆಣ್ಣುಮಗಳ ಮೈಗೆ ಪಟ್ಟಿ ಹಿಡಿಯುವುದು ಯಾರ ತಲೆಗೂ ಬಾರದ ಮಾತು. ‘ಅಳತಿ ತಪ್ಪಿದ ಅಂಗಿ ಈ ಮೆಟ್ಟಲಾ ಇಳದಿಲ್ಲ’ ಎನ್ನುವುದು ಕಾಕಾ ಅವರ ಜಂಬ. ಹೊಸ ಗಿರಾಕಿಗೂ ಹೇಳುವರು, ಹಳೆ ಗಿರಾಕಿಗೂ ಹೇಳುವರು, ಯಾರೂ ಇಲ್ಲದಿದ್ದರೆ ವಿಠ್ಠಲನಿಗೆ ಹೇಳುವರು.

ಎಪ್ಪತ್ತರ ದಶಕದ ನಡುವಿನ ಮಾತಿದು. ನಾನು ಎಂ.ಬಿ.ಬಿ.ಎಸ್. ಮುಗಿಸಿ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಲಿನ ಓದಿಗೆ ಸೇರಿದ್ದೆ. ಹೆಣ್ಣುಮಗಳು ಚಾಕು ಹಿಡಿಯುವುದೇ ಆಗ ಜನಕ್ಕೆ ಸೋಜಿಗ. ಅಲ್ಲಿ ಸುಟ್ಟಗಾಯದವರಿಗೆಂದು ಹೊಸದಾಗಿ ಒಂದು ವಾರ್ಡು ಶುರುವಾಗಿತ್ತು. ಸುಟ್ಟ ಜಾಗಕ್ಕೆ ತೊಡೆಯ ಚರ್ಮ ತೆಗೆದು ಹಚ್ಚುತ್ತಿದ್ದೆವು. ಗಾಯ ಮಾಯುತ್ತಿತ್ತು, ಆದರೆ ನಿಜವಾದ ಪೀಡೆ ಶುರುವಾಗುತ್ತಿದ್ದದ್ದು ಆಮೇಲೆಯೇ. ಮಾಯ್ದ ಕಲೆ ಹಗ್ಗದ ಹಾಗೆ ದಪ್ಪವಾಗಿ ಎಳೆಯುತ್ತಿತ್ತು. ಗದ್ದ ಎದೆಗೆ ಅಂಟುತ್ತಿತ್ತು, ತೋಳು ಪಕ್ಕೆಗೆ ಅಂಟುತ್ತಿತ್ತು. ಹೊರದೇಶದ ಪತ್ರಿಕೆಗಳಲ್ಲಿ, ಹಿಗ್ಗಿ ಕುಗ್ಗುವ ಬಿಗಿಯಾದ ಅಂಗಿಯನ್ನು ತಿಂಗಳುಗಟ್ಟಲೆ ಮೈಮೇಲಿಟ್ಟರೆ ಕಲೆ ಚಪ್ಪಟೆಯಾಗುತ್ತದೆ, ಎಳೆತ ಕಡಿಮೆಯಾಗುತ್ತದೆ ಎಂದು ಬರೆಯತೊಡಗಿದ್ದರು. ನಮ್ಮ ಬಿಸಿಲಿಗೆ, ನಮ್ಮ ಜನಕ್ಕೆ ಅದು ಆದೀತೇ? ಅಂಗಿ ತೊಟ್ಟವರನ್ನೂ ತೊಡದವರನ್ನೂ ತಿಂಗಳಿಗೊಮ್ಮೆ ಅಳೆದು ನೋಡಿ ಹೋಲಿಸಬೇಕು. ನಮ್ಮ ಸರ್ ಅದನ್ನೇ ನನ್ನ ಪ್ರಬಂಧದ ವಿಷಯ ಮಾಡಿದರು. ‘ಗಾಯಾಳುಗಳಲ್ಲಿ ನಿಮ್ಮ ಕಡೆಯವರೇ ಹೆಚ್ಚು, ನಿಮ್ಮ ಹತ್ತಿರ ಮಾತಾಡುತ್ತಾರೆ’ ಎಂದರು.

ಹೀಗೆ ನನ್ನ ಭಾನುವಾರಗಳು ಹಂಚಿಹೋದವು. ಒಂದು ವಾರ ಇಂಡಿ, ಒಂದು ವಾರ ಸಿಂದಗಿ, ಆಮೇಲೆ ಬಸವನ ಬಾಗೇವಾಡಿ, ಕೊನೆಗೆ ನಮ್ಮ ಮುದ್ದೇಬಿಹಾಳ. ಒಂದು ರಜಿಸ್ಟರು, ಆಸ್ಪತ್ರೆಯ ಕ್ಯಾಮೆರಾ, ತೋಳು ಎಷ್ಟು ಮೇಲೇಳುತ್ತದೆಂದು ಅಳೆಯುವ ಕಟ್ಟಿಗೆಯ ಕೋನಮಾಪಕ, ಇಷ್ಟು ಹಿಡಿದು ಕೆಂಪು ಬಸ್ಸಿನಲ್ಲಿ ತಿರುಗುತ್ತಿದ್ದೆ.

ಆದರೆ ಆ ಅಂಗಿ ನಮಗೆ ಎಲ್ಲಿಂದ ಬರಬೇಕು? ರಬ್ಬರು ನೇಯ್ದ ಪಟ್ಟಿ ಸುತ್ತಿ ನೋಡಿದೆವು. ಬೆವರಿಗೆ ಜಾರಿತು, ನಾರಿತು. ಇಂಡಿಯ ನಿಂಬೆ ತೋಟದ ಮುದುಕರೊಬ್ಬರು ಅದನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ‘ಇದನ್ನ ಒಂದ ದಿನಾ ನೀವ ಸುತಗೊಂಡ ನೋಡ್ರಿ ಬಾಯಾರ’ ಎಂದು ಹೊರಟೇಹೋದರು. ಮುದ್ದೇಬಿಹಾಳದ ಸರದಿ ಬಂದಾಗ ಮನೆಯಲ್ಲಿ ಅವ್ವನ ಮುಂದೆ ಗೋಳು ಹೇಳಿಕೊಳ್ಳುತ್ತಿದ್ದೆ. ಅವ್ವನ ಕುಪ್ಪಸ ಕೊಡಲು ಬಂದ ಕಾಕಾ ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

‘ಇದಕ್ಯಾಕ ಇಷ್ಟ ಒದ್ದಾಡ್ತಿ ತಂಗಿ? ಕಸಿ ಅಂಗಿ ಹೊಲದ ಕೊಡ್ತೇನಿ.’

ಕಸೆ ಅಂಗಿ ನಮ್ಮ ಕಡೆಯ ಹಳೆಯ ಗಂಡಸರು ತೊಡುತ್ತಿದ್ದ ಅಂಗಿ. ಗುಂಡಿ ಇಲ್ಲ. ಎದೆಯ ಮೇಲೆ ಒಂದು ಮಗ್ಗುಲು ಇನ್ನೊಂದರ ಮೇಲೆ ಬಂದು, ಪಕ್ಕೆಯಲ್ಲಿ ಕಸೆಗಳಿಂದ, ಅಂದರೆ ಕಟ್ಟುವ ಲಾಡಿಗಳಿಂದ, ಬಿಗಿಯುವುದು. ಬೇಕಾದಷ್ಟು ಜಗ್ಗಬಹುದು, ಬೇಕಾದಷ್ಟು ಸಡಿಲಿಸಬಹುದು. ಕಾಕಾ ತಮ್ಮ ತಂದೆಯ ಕೈಕೆಳಗೆ ಅವನ್ನು ಹೊಲಿದು ಕಲಿತವರು. ಒಂದು ವಾರದಲ್ಲಿ ಬನಿಯನ್ ಬಟ್ಟೆಯನ್ನು ಎರಡು ಪದರು ಮಾಡಿ, ಬಗಲಿನಿಂದ ಸೊಂಟದ ತನಕ ಒತ್ತೊತ್ತಾಗಿ ಕಸೆ ಕೂಡಿಸಿ, ಬಗಲಲ್ಲಿ ಮೆತ್ತನೆಯ ತುಂಡೊಂದು ಹಚ್ಚಿ, ಗಾಳಿ ಆಡಲು ಬೆನ್ನಿಗೆ ಸಣ್ಣ ಕಂಡಿ ಬಿಟ್ಟು ಕೊಟ್ಟರು. ಅದನ್ನು ಒಯ್ದು ಸರ್ ಮುಂದಿಟ್ಟೆ. ಅವರು ತಮ್ಮ ಅಂಗಿಯ ಮೇಲೆಯೇ ಅದನ್ನು ತೊಟ್ಟು, ಕಸೆ ಬಿಗಿದುಕೊಂಡು, ನಗುತ್ತಾ ವಾರ್ಡೆಲ್ಲ ಒಂದು ಸುತ್ತು ಹಾಕಿದರು. ಆಮೇಲೆ ನಗು ನಿಲ್ಲಿಸಿ, ‘ಇದನ್ನು ಹೊಲಿದವರು ಯಾರು?’ ಎಂದು ಕೇಳಿದರು. ನಮ್ಮ ಓಣಿಯ ಟೇಲರ್ ಕಾಕಾ ಎನ್ನುವಾಗ ನನಗೆ ಬಂದ ಹೆಮ್ಮೆ, ಆಮೇಲೆ ಯಾವ ಪದಕ ತೆಗೆದುಕೊಳ್ಳುವಾಗಲೂ ಬರಲಿಲ್ಲ.

ಆ ವಾರ್ಡಿನಲ್ಲಿ ಬಾಗೇವಾಡಿ ಕಡೆಯ ಹಳ್ಳಿಯ ಶಿಕ್ಷಕಿಯೊಬ್ಬರು ಇದ್ದರು, ಸಾಲಿ ಅಕ್ಕೋರು. ಮಕ್ಕಳಿಗೆ ಉಪ್ಪಿಟ್ಟು ಮಾಡುವಾಗ ಸಾಲಿಯ ಸ್ಟೋ ಭುಗಿಲೆದ್ದು, ಸೆರಗಿಗೆ ಬೆಂಕಿ ಹತ್ತಿ, ಬಲಗಡೆ ಎದೆ, ಬಗಲು, ತೋಳು ಸುಟ್ಟಿದ್ದವು. ನಮ್ಮ ಹತ್ತಿರ ಬರುವಷ್ಟರಲ್ಲಿ ತೋಳು ಪಕ್ಕೆಗೆ ಅಂಟಿಕೊಂಡು ಊಟದ ತಾಟು ಹಿಡಿಯಲಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಸರ್ ಬಗಲು ಬಿಡಿಸಿ ಹೊಸ ಚರ್ಮ ಹಚ್ಚಿದರು, ನಾನು ಪಕ್ಕದಲ್ಲಿ ನಿಂತು ಕೈಜೋಡಿಸಿದೆ. ಅಕ್ಕೋರಿಗೆ ಇದ್ದದ್ದು ಒಂದೇ ಚಿಂತೆ. ಜೂನಿನಲ್ಲಿ ಸಾಲಿ ತೆರೆದಾಗ ತಪಾಸಣೆಯ ಸಾಹೇಬರು ಬಂದು ನೋಡುತ್ತಾರೆ. ಬೋರ್ಡಿನ ಮೇಲೆ ಬರೆಯಲು ಬಂದರೆ ನೌಕರಿ, ಬರದಿದ್ದರೆ ರಾಜೀನಾಮೆ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು ಅವರ ಪಗಾರದ ಮೇಲೆಯೇ ಇದ್ದರು. ‘ಬೋರ್ಡಿನ ಮ್ಯಾಲಿನ ಸಾಲಿಗೆ ಕೈ ಮುಟ್ಟತೈತೇನ್ರಿ ಬಾಯಾರ?’ ಎಂದು ದಿನಾ ಕೇಳುತ್ತಿದ್ದರು. ಮುಟ್ಟುತ್ತದೆ ಎಂದು ನಾನೂ ದಿನಾ ಹೇಳುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಅಂಗಿಗಳು ಮೈಮೇಲೆ ಬಂದವು. ಗಂಡಸರು ಮುದ್ದೇಬಿಹಾಳಕ್ಕೆ ಬಂದು ಕಾಕಾನ ಮುಂದೆ ಅಳತೆಗೆ ನಿಂತು ಹೋದರು. ಹೆಂಗಸರ ಅಂಗಿಗಳು ಬಸ್ಸಿನ ಕಂಡಕ್ಟರ ಕೈಯಲ್ಲಿ ಹೋಗುತ್ತಿದ್ದವು. ಎರಡು ತಿಂಗಳು ಅಳೆದು ನೋಡಿದೆ. ಗಂಡಸರ ಕಲೆ ಇಳಿಯತೊಡಗಿತ್ತು, ಇಂಡಿಯ ಮುದುಕರ ತೋಳು ಸಹ ಚಲೋ ಏಳುತ್ತಿತ್ತು. ಹೆಂಗಸರದು ಮಾತ್ರ ದಪ್ಪವಾಗುತ್ತಲೇ ಹೋಗಿತ್ತು. ಅಕ್ಕೋರ ತೋಳು ನಾವು ಬಿಡಿಸಿದ್ದಕ್ಕಿಂತ ನಾಲ್ಕು ಬೆರಳು ಕೆಳಗೆ ಇಳಿದಿತ್ತು.

ಕಾರಣ ನನಗೆ ತಟ್ಟನೆ ಹೊಳೆಯಿತು, ತಟ್ಟನೆ ಹೊಳೆದದ್ದರ ಮೇಲೆ ನನಗೆ ಆಗ ಭಾರಿ ಭರವಸೆ. ಹೆಂಗಸರು ಮನೆಯಲ್ಲಿ ಅಂಗಿ ಬಿಚ್ಚಿಡುತ್ತಾರೆ! ಸೆಕೆ ಎಂತಲೋ, ನಾಚಿಕೆ ಎಂತಲೋ. ಬಾಗೇವಾಡಿ ಆಸ್ಪತ್ರೆಯ ಪಡಸಾಲೆಯಲ್ಲಿ, ಹತ್ತು ಜನರ ಎದುರಿಗೆ ಅಕ್ಕೋರನ್ನು ಬಾಯಿಗೆ ಬಂದಂತೆ ಅಂದೆ. ‘ಓದಿದವರು ನೀವು, ನೀವೇ ಹಿಂಗ ಮಾಡಿದ್ರ ಹೆಂಗ್ರಿ?’ ಅಕ್ಕೋರು ‘ತಗದಿಲ್ರಿ’ ಎಂದರು. ನಾನು ನಂಬಲಿಲ್ಲ. ಅವರ ಹೆಸರಿನ ಮುಂದೆಯೂ, ಉಳಿದ ಹೆಂಗಸರ ಹೆಸರಿನ ಮುಂದೆಯೂ, ‘ಹೇಳಿದಂತೆ ತೊಡುತ್ತಿಲ್ಲ’ ಎಂದು ರಜಿಸ್ಟರಿನಲ್ಲಿ ಬರೆದುಕೊಂಡು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಮುದ್ದೇಬಿಹಾಳದ ಸರದಿ. ಮಧ್ಯಾಹ್ನ ಕೆಲಸ ಮುಗಿಸಿ ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚಹಾ ಕುಡಿಯುತ್ತಾ ಹೆಂಗಸರ ಮೇಲೆ ದೂರು ಹೇಳುತ್ತಿದ್ದೆ. ನಾಲ್ಕಾರು ಗಿರಾಕಿಗಳೂ ಕೂತು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಬಾಗೇವಾಡಿ ಬಸ್ಸಿಳಿದು ಅಕ್ಕೋರು ಬಂದರು, ಜೊತೆಗೆ ಅವರ ತಾಯಿ. ನನ್ನನ್ನು ಕಂಡು ಒಂದು ಕ್ಷಣ ತಡೆದರು. ಆಮೇಲೆ ಸೀದಾ ಹೋಗಿ ಕಾಕಾನ ಮಷಿನ್ನಿನ ಮುಂದೆ ನಿಂತರು.

‘ಕಾಕಾರ, ಇದು ನನಗಂತನ ಹೊಲಿದಿದ್ದು ಹೌದಲ್ರಿ?’

ಸೆರಗನ್ನು ತುಸು ಸರಿಸಿ ಬಗಲ ಕೆಳಗಿನ ಕಸೆಗಳನ್ನು ತೋರಿಸಿದರು. ಎಲ್ಲವನ್ನೂ ತುದಿಯವರೆಗೆ ಜಗ್ಗಿ ಕಟ್ಟಿದ್ದರು. ಆದರೂ ಎಡಗೈಯನ್ನು ಅಂಗಿ ಮತ್ತು ಪಕ್ಕೆಯ ನಡುವೆ ತೂರಿಸಿದಾಗ ಅಂಗೈ ಇಡಿಯಾಗಿ ಒಳಗೆ ಹೋಯಿತು.

‘ಜಳಕಕ್ಕ ಬಿಟ್ರ ಒಂದ ದಿನಾ ಬಿಚ್ಚಿಲ್ರಿ. ಡಾಕ್ಟರ್ ಬಾಯಾರು ನಾ ತೊಡೂದ ಇಲ್ಲ ಅಂತಾರ.’

ಕಾಕಾ ಕಾಲಿನಿಂದ ಮಷಿನ್ನು ನಿಲ್ಲಿಸಿದರು. ‘ಅಕ್ಕೋರ, ನೀವು ಕಳಿಸಿದ ಅಳತಿ ಕುಪ್ಪಸ ಯಾವಾಗಿಂದ್ರಿ?’

ತಾಯಿಯೇ ಉತ್ತರ ಕೊಟ್ಟರು. ‘ಸುಡೂಕಿಂತ ಮೊದಲಿಂದ್ರಿ ಯಪ್ಪಾ. ಸುಟ್ಟ ಮ್ಯಾಲೆ ಅಕಿ ಕುಪ್ಪಸ ತೊಟ್ಟಾಳೆಲ್ಲಿ?’

ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ ಅಕ್ಕೋರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಕಾಕಾ ಹೊಲಿದದ್ದು ಸುಡುವ ಮೊದಲಿನ ಅಕ್ಕೋರಿಗೆ. ಕಾಕಾ ಎದ್ದರು. ಮೊಳೆಯಿಂದ ಒಂದೊಂದೇ ಪಟ್ಟಿ ತೆಗೆದರು. ಇದು ಇಂಡಿಯ ಹೆಣ್ಣುಮಗಳದು, ಕಂಡಕ್ಟರ್ ತಂದ ಕುಪ್ಪಸ ನೋಡಿ ಹಾಕಿದ ಕಚ್ಚು. ಇದು ಸಿಂದಗಿಯದು, ಅದೂ ಹಾಗೆಯೇ. ಇನ್ನೊಂದು, ಮತ್ತೊಂದು... ಒಂದೊಂದನ್ನೂ ಬೆರಳಲ್ಲಿ ಸವರಿ ಮಷಿನ್ನಿನ ಮೇಲಿಟ್ಟರು.

‘ಪುಸ್ತಕ ತಗೀ ತಂಗಿ’ ಎಂದರು.

‘ಯಾಕ್ರಿ ಕಾಕಾ?’

‘ಬರಿ. ಹೆಣ್ಮಕ್ಕಳು ಅಂಗಿ ತೊಟ್ಟಾರ, ಅಳತಿ ತಪ್ಪಿದ್ದು ಟೇಲರಂದು. ಹಂಗಂತ ಬರಿ. ತಪ್ಪು ಅವರ ಹೆಸರಿನ ಮುಂದ ಇಡಬ್ಯಾಡ.’

ಅಳತೆ ತಪ್ಪಿದ ಅಂಗಿ ಈ ಮೆಟ್ಟಿಲು ಇಳಿದಿಲ್ಲ ಎಂದು ವಿಠ್ಠಲನ ಮುಂದೆಯೂ ಬೀಗುತ್ತಿದ್ದ ಮನುಷ್ಯ. ಅದೇ ಗಿರಾಕಿಗಳ ಎದುರಿಗೆ, ಅದೇ ಮೆಟ್ಟಿಲ ಮೇಲೆ, ಎದ್ದು ನಿಂತು ಹೇಳಿದರು. ‘ಇರಲಿ ಬಿಡ್ರಿ ಕಾಕಾರ’ ಎಂದು ಅಕ್ಕೋರು ತಡೆಯಲು ನೋಡಿದರು. ‘ಇರಾಕ ಬರೂದಿಲ್ರಿ ಅಕ್ಕೋರ’ ಎಂದರು ಕಾಕಾ. ನಾನು ಹಳೆಯ ಸಾಲುಗಳನ್ನು ಹೊಡೆದುಹಾಕಿ ಅವರು ಹೇಳಿದ್ದನ್ನು ಬರೆದೆ. ಓದು ಎಂದರು, ಓದಿದೆ. ಇನ್ನೊಮ್ಮೆ ಓದು ಎಂದರು, ಇನ್ನೊಮ್ಮೆ ಓದಿದೆ.

ಅವತ್ತೇ ಅಂಗಡಿಗೆ ಅಡ್ಡಲಾಗಿ ಒಂದು ಚಾದರ ಕಟ್ಟಿದೆವು. ಚಾದರದ ಒಳಗೆ ನಾನು, ಅಕ್ಕೋರು, ಅವರ ತಾಯಿ. ಹೊರಗೆ ಬೀದಿಗೆ ಮುಖ ಮಾಡಿ ಕೂತ ಕಾಕಾ ಕೂಗಿ ಹೇಳುತ್ತಿದ್ದರು: ‘ಹೆಗಲ ಎಲುಬಿನಿಂದ ಹಿಡಿ. ಬಗಲ ಒಳಗ ತೂರಿಸು. ಜಗ್ಗಬ್ಯಾಡ, ಸುಮ್ಮ ಕೂಡ್ರಲಿ. ಅಲ್ಲಿ ಕಚ್ಚು ಹಾಕು.’ ದೊಡ್ಡ ದೊಡ್ಡ ಆಪರೇಷನ್ನು ನೋಡಿದವಳು ನಾನು, ಆದರೂ ಮೊದಲ ಪಟ್ಟಿ ಕೆಡಿಸಿದೆ. ‘ಕಾಲೇಜಿನಾಗ ಇದನ್ನ ಕಲಿಸೂದಿಲ್ಲೇನು?’ ಎಂದು ಹೊರಗಿನಿಂದಲೇ ಬೈಸಿಕೊಂಡೆ.

ಸೋಮವಾರ ಸರ್ ಮುಂದೆ ರಜಿಸ್ಟರು ಇಟ್ಟೆ. ಅವರು ಓದಿ ನೋಡಿದರು. ಹೆಂಗಸರ ಆವರೆಗಿನ ಅಳತೆಗಳನ್ನೆಲ್ಲ ಬೇರೆ ತೆಗೆದಿಟ್ಟು ಮೊದಲಿನಿಂದ ಶುರುಮಾಡಬೇಕು, ಬೇರೆ ದಾರಿಯಿಲ್ಲ ಎಂದರು. ನನ್ನ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು. ‘ಇನ್ನಾ ಎಷ್ಟ ವರ್ಷ ಓದ್ತಿ ನೀ?’ ಎಂದು ಅವ್ವ ಮುಖ ತಿರುಗಿಸಿದಳು. ನಾನು ಚಾದರ ಹೊತ್ತು ಇಂಡಿ, ಸಿಂದಗಿ ತಿರುಗಿದೆ. ಈಗ ಕಂಡಕ್ಟರ ಕೈಯಲ್ಲಿ ಹೋಗುತ್ತಿದ್ದದ್ದು ಕುಪ್ಪಸವಲ್ಲ, ಮೈಯಿಂದ ತೆಗೆದ ಪಟ್ಟಿಗಳು. ಪ್ರತಿ ತಿಂಗಳು ಹೊಸ ಪಟ್ಟಿ, ಪ್ರತಿ ತಿಂಗಳು ಅಂಗಿಯನ್ನು ಬಿಚ್ಚಿ ಹೊಸ ಹೊಲಿಗೆ.

ಆ ವರ್ಷದ ಬಿಸಿಲು ನೆನೆದರೆ ಈಗಲೂ ಮೈ ಬೆವರುತ್ತದೆ. ಸುಮ್ಮನೆ ಕೂತರೂ ತಡೆಯದಂಥ ಏಪ್ರಿಲ್, ಮೇ ತಿಂಗಳಲ್ಲಿ ಅಕ್ಕೋರು ಎರಡು ಪದರಿನ ಅಂಗಿಯನ್ನು ಬಿಗಿದುಕೊಂಡೇ ಇದ್ದರು. ದಿನಾ ಒಂದನ್ನು ಒಗೆದುಹಾಕಲು ಬರಲೆಂದು ಕಾಕಾ ಜೋಡಿ ಹೊಲಿದು ಕೊಟ್ಟಿದ್ದರು. ಮನೆಯ ಗೋಡೆಗೆ ಬೆರಳು ಹತ್ತಿಸುತ್ತಾ ತೋಳು ಎತ್ತಬೇಕು, ಮುಟ್ಟಿದಲ್ಲಿ ಗುರುತು ಮಾಡಬೇಕು ಎಂದು ನಾನು ಹೇಳಿದ್ದೆ. ಗುರುತಿಗೆಂದು ಕಾಕಾ ತಾವು ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಬಿಲ್ಲೆ ಕೊಟ್ಟರು. ತಿಂಗಳ ಕೊನೆಗೆ ನಾನು ಹೋದಾಗ ಗೋಡೆಯ ಮೇಲೆ ಗೆರೆಗಳ ಏಣಿ ಕಾಣುತ್ತಿತ್ತು. ಕೆಲವು ದಿನ ಗೆರೆ ಮೇಲೆ ಹೋಗಿರುತ್ತಿರಲಿಲ್ಲ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ತಿಕ್ಕಿದ ಗುರುತು ಇರುತ್ತಿತ್ತು. ಅವನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಕಾಕಾ ಮಾತ್ರ ಪಟ್ಟಿಗಳನ್ನು ಒಂದರ ಪಕ್ಕ ಒಂದು ಹಾಸಿ, ಬಗಲಿನ ಕಚ್ಚು ಸರಿದದ್ದನ್ನು ನೋಡಿ, ‘ಬಗಲ ಬಿಡಾಕತ್ತೈತಿ, ಇನ್ನಷ್ಟ ದಿನಾ ಕಾಯಿ’ ಎನ್ನುತ್ತಿದ್ದರು.

ಜೂನಿನಲ್ಲಿ ಸಾಲಿ ತೆರೆಯಿತು. ಸಾಹೇಬರು ಬರುವ ದಿನ ನಾನು ರಜೆ ಹಾಕಿ ಹೊರಟೆ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ಇಸ್ತ್ರಿ ಮಾಡಿದ ಅಂಗಿ, ಕರಿ ಟೊಪ್ಪಿಗೆ ಹಾಕಿಕೊಂಡು ಕಾಕಾ ನಿಂತಿದ್ದಾರೆ! ಏಕಾದಶಿ ಬಿಟ್ಟರೆ ಅಂಗಡಿ ಮುಚ್ಚದ ಮನುಷ್ಯ. ಸಾಲಿಯಲ್ಲಿ ಇಬ್ಬರೂ ಹಿಂದೆ ಮಕ್ಕಳ ಹಲಗೆಯ ಮೇಲೆ ಕೂತೆವು. ಸಾಹೇಬರು ಕುರ್ಚಿಯಲ್ಲಿ ಕೂತು ‘ಬರೀರಿ ನೋಡೋಣು’ ಎಂದರು. ಅಕ್ಕೋರು ಬೋರ್ಡಿನ ಮುಂದೆ ನಿಂತು ತೋಳು ಎತ್ತಿದರು. ಹೆಗಲಿನ ತನಕ ಸಲೀಸಾಗಿ ಹೋಯಿತು. ಅಲ್ಲಿ ಒಂದು ಕ್ಷಣ ನಿಂತಿತು... ಆ ಕ್ಷಣದಲ್ಲಿ ನಾನು ಕಣ್ಣು ಮುಚ್ಚಿದೆನೋ ಏನೋ ನೆನಪಿಲ್ಲ. ಮತ್ತೆ ನೋಡಿದಾಗ ಬೋರ್ಡಿನ ತುತ್ತತುದಿಯಲ್ಲಿ ಅವತ್ತಿನ ವಾರ, ತಾರೀಖು ಇದ್ದವು. ಅದರ ಕೆಳಗೆ ಪಾಠದ ಹೆಸರು. ಅದರ ಕೆಳಗೆ ಇನ್ನೊಂದು ಸಾಲು. ಮಕ್ಕಳು ಯಾಕೆಂದು ತಿಳಿಯದೆಯೇ ಚಪ್ಪಾಳೆ ಹೊಡೆದರು. ಸಾಹೇಬರು ಕಾಗದದ ಮೇಲೆ ಸಹಿ ಹಾಕಿದರು. ನಾನು ಅತ್ತೆ, ಸಂತೋಷಕ್ಕೆ ಅತ್ತೆ, ಹೇಳಿಕೊಳ್ಳಲು ಸಂಕೋಚವಿಲ್ಲ.

ಎಲ್ಲರೂ ಅಕ್ಷರ ನೋಡುತ್ತಿದ್ದಾಗ ಕಾಕಾ ನೋಡುತ್ತಿದ್ದದ್ದು ಬಗಲಿನ ಹೊಲಿಗೆ. ವಾಪಸು ಬರುವಾಗ ಬಸ್ಸಿನಲ್ಲಿ ‘ಮ್ಯಾಲಿನ ಕಸಿ ಎಳ್ಳಷ್ಟು ಬಿಗಿ ಆಗೇತಿ. ಬಿಚ್ಚಿ ಹೊಲೀಬೇಕು’ ಎಂದರು.

ಪ್ರಬಂಧ ಮುಗಿಯಿತು. ಅಳತೆ ಸರಿಯಾದ ಅಂಗಿ ತೊಟ್ಟವರಲ್ಲಿ ಕಲೆ ಇಳಿದಿತ್ತು, ಗಂಡಸರಲ್ಲೂ ಹೆಂಗಸರಲ್ಲೂ. ಅಷ್ಟೇ ಹೇಳಿದೆ, ಅದಕ್ಕಿಂತ ಹೆಚ್ಚು ಹೇಳುವಷ್ಟು ಜನ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ರಟ್ಟು ಕಟ್ಟಿಸಿದ ಪ್ರತಿಯನ್ನು ಮೊದಲು ಒಯ್ದದ್ದು ಕಾಕಾ ಅಂಗಡಿಗೆ. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಹಾಕಿದ್ದೆ, ತೋರಿಸಿದೆ. ಅವರಿಗೆ ಅದು ಬೇಡವಾಗಿತ್ತು.

‘ತಪ್ಪು ಬರದಿಯಿಲ್ಲೋ?’

ಬರೆದಿದ್ದೆ. ಇಂಗ್ಲಿಷಿನಲ್ಲಿದ್ದ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ: ಹೆಂಗಸರ ಮೊದಲ ಅಂಗಿಗಳನ್ನು ಟೇಲರು ಹಳೆಯ ಕುಪ್ಪಸದ ಅಳತೆಗೆ ಹೊಲಿದಿದ್ದರು, ಆದ್ದರಿಂದ ಆ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕಾಕಾ ಕಣ್ಣು ಮುಚ್ಚಿ ಕೇಳಿದರು. ‘ಛಲೋ ಆತು’ ಎಂದರು. ಮೊಳೆಗಳಿಂದ ನಮ್ಮ ಗಾಯಾಳುಗಳ ಪಟ್ಟಿಗಳನ್ನೆಲ್ಲ ತೆಗೆದು, ಲಾಡಿಯ ತುಂಡಿನಿಂದ ಬಿಗಿದು ನನ್ನ ಕೈಗೆ ಕೊಟ್ಟರು. ‘ಇವು ನಿನ್ನ ಪುಸ್ತಕದ್ದು, ಜ್ವಾಕಿ.’

ಕಾಕಾ ಹೋದ ಸುದ್ದಿ ನನಗೆ ಅವ್ವನ ಪತ್ರದಲ್ಲಿ ಬಂತು, ಹನ್ನೆರಡು ದಿನ ತಡವಾಗಿ. ಅವತ್ತು ನನಗೆ ಎರಡು ಆಪರೇಷನ್ನು ಇದ್ದವು, ಮಾಡಿದೆ. ಅತ್ತದ್ದು ಆಮೇಲೆ. ಅಂಗಡಿಯ ಜಾಗದಲ್ಲಿ ಈಗ ಬೇರೇನೋ ಇದೆ, ಮೂರು ಮೆಟ್ಟಿಲು ಮಾತ್ರ ಉಳಿದಿವೆ. ಅಕ್ಕೋರು ಹೆಡ್ ಅಕ್ಕೋರಾಗಿ ನಿವೃತ್ತರಾದರು, ದೀಪಾವಳಿಗೆ ದುಂಡಗಿನ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದರು. ಈಚೆಗೆ ಅದೂ ಬರುತ್ತಿಲ್ಲ...

ಪಟ್ಟಿಗಳ ಗಂಟು ಬಿಚ್ಚಲಿಲ್ಲ. ಪ್ರಬಂಧ ತೆಗೆದು ಆ ಸಾಲನ್ನು ಮತ್ತೆ ಓದಿದೆ. ಟೇಲರನ ತಪ್ಪು ಅಲ್ಲಿದೆ. ಡಾಕ್ಟರ ತಪ್ಪು ಎಲ್ಲೂ ಇಲ್ಲ. ನಾನೂ ಅದೇ ಓಣಿಯಲ್ಲಿ ಬೆಳೆದವಳು, ನನ್ನ ಕುಪ್ಪಸಗಳೂ ಹಾಗೆಯೇ ಹೊಲಿಸಿದವು, ಆದರೂ ಅಳತೆ ಹೇಗೆ ತೆಗೆದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂಗಿಯೊಳಗೆ ಎರಡು ಬೆರಳು ಹಾಕಿ ನೋಡಿರಲಿಲ್ಲ. ನೋಡದೆಯೇ ಹತ್ತು ಜನರ ಎದುರಿಗೆ ಅಕ್ಕೋರನ್ನು ಸುಳ್ಳಿ ಮಾಡಿದೆ, ಹೆಂಗಸರೆಲ್ಲರ ಹೆಸರಿನ ಮುಂದೆ ಸುಳ್ಳು ಬರೆದೆ. ತಾನು ತಪ್ಪಿದೆ ಎಂದು ಗಿರಾಕಿಗಳ ಎದುರಿಗೆ ಎದ್ದು ನಿಂತ ಮನುಷ್ಯನ ಪಕ್ಕದಲ್ಲಿ ಪೆನ್ನು ಹಿಡಿದು ಕೂತಿದ್ದೂ, ನನ್ನದನ್ನು ಬರೆಯಲಿಲ್ಲ. ಪ್ರಬಂಧ ಓದಿ ಹೇಳಿದ ದಿನ ಕಾಕಾ ‘ಮತ್ತ ನಿಂದು?’ ಎಂದು ಕೇಳಲಿಲ್ಲ. ಕೇಳಿದ್ದರೆ ಬರೆಯುತ್ತಿದ್ದೆ. ಕೇಳದೆಯೇ ಬರೆಯಬೇಕಿತ್ತು.

ಇಗೋ, ನನ್ನ ತಪ್ಪೂ ಇಲ್ಲೆ ಬರದೇನ್ರಿ ಕಾಕಾ. ಓದಿ ಹೇಳಬೇಕಂದ್ರ ನೀವಿಲ್ಲ.